ಇಬ್ಬರು ಮಲಗುವಷ್ಟು ಜಾಗ

ಹದಿನಾರು ವರ್ಷ ಟೆಂಟು ರಿಪೇರಿ ಮಾಡಿದವಳು ಒಂದು ದಿನವೂ ಟೆಂಟಿನಲ್ಲಿ ಮಲಗಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಅವಳೇನೂ ನಂಬಿಸಲು ಹೋಗಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲೇ ಇಲ್ಲ. ಅಂಗಡಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮ್ಯಾನೇಜರು ಕೂಡ. ನಾವೂ ಹಾಗೇ ಕರೆದರೆ ತಪ್ಪಿಲ್ಲ.

ಅಂಗಡಿಯ ಹಿಂಭಾಗದಲ್ಲಿ ಒಂದು ದಪ್ಪ ಪರದೆ. ಪರದೆಯ ಈಚೆ ಅಕ್ಕನ ಉದ್ದನೆಯ ಮೇಜು, ಹೊಲಿಗೆ ಮೆಷಿನ್ನು, ಅಂಟಿನ ಡಬ್ಬಿಗಳು. ಬೆಟ್ಟ ಹತ್ತಿ ಇಳಿದು ಬಂದವರು ತಮ್ಮ ಟೆಂಟುಗಳನ್ನು ತಂದು ಅವಳ ಮುಂದೆ ಸುರಿಯುತ್ತಿದ್ದರು. ಹಲ್ಲು ಉದುರಿದ ಜಿಪ್ಪು, ಸ್ಟೋವಿನ ಕಿಡಿ ಹಾರಿ ಬಿದ್ದ ತೂತು, ಗಾಳಿಗೆ ಬಾಗಿ ಮುರಿದ ಕಂಬಿ. ಪ್ರತಿ ಟೆಂಟಿನ ಮೂಲೆಯಲ್ಲೂ ಎಲ್ಲಿಯದೋ ಒಂದು ಹಿಡಿ ಮರಳು, ಒಣಗಿದ ಹುಲ್ಲು ಸಿಕ್ಕಿಕೊಂಡಿರುತ್ತಿತ್ತು. ಅದನ್ನು ಮೇಜಿನ ಮೇಲೆ ಕೊಡವಿ, ಸ್ವಲ್ಪ ಹೊತ್ತು ನೋಡಿ, ಆಮೇಲೆ ಕಸದ ಬುಟ್ಟಿಗೆ ಹಾಕುವಳು. ಬೆಟ್ಟದೊಂದಿಗೆ ಅವಳಿಗಿದ್ದ ಸಂಬಂಧ ಅಷ್ಟೇ.

ಅವಳು ಹೋಗದಿದ್ದುದಕ್ಕೆ ಕಾರಣ ಅಮ್ಮ. ಪಾರ್ಶ್ವವಾಯು ಬಡಿದು ಅಮ್ಮ ಹಾಸಿಗೆ ಹಿಡಿದಾಗ ಅಕ್ಕನಿಗೆ ನಲವತ್ತು, ಅಮ್ಮ ಕಣ್ಣು ಮುಚ್ಚಿದಾಗ ಐವತ್ತೊಂದು. ನಡುವಿನ ಹನ್ನೊಂದು ವರ್ಷ ಹೇಗೆ ಹೋಯಿತು ಎಂದು ಕೇಳಿದರೆ ಅವಳು ಹೇಳಬಹುದಾಗಿದ್ದದ್ದು ಇಷ್ಟೇ: ಬೆಳಿಗ್ಗೆ ಎತ್ತು, ಒರೆಸು, ಮಗ್ಗುಲು ಬದಲಿಸು, ತಿನ್ನಿಸು, ಅಂಗಡಿಗೆ ಓಡು, ಮಧ್ಯಾಹ್ನ ಪಕ್ಕದ ಮನೆಯಾಕೆ ನೋಡಿಕೊಳ್ಳುವಳು, ಸಂಜೆ ಬಂದು ಮತ್ತೆ ಎತ್ತು, ಒರೆಸು. ಅಮ್ಮ ತೆಳ್ಳಗಿನ ಹೆಂಗಸೇನಲ್ಲ. ಎತ್ತಿ ಎತ್ತಿ ಅಕ್ಕನ ಬಲಮಂಡಿ ಹಾಳಾಯಿತು. ಬೆಟ್ಟ ಹತ್ತಿ ಮಂಡಿ ಹಾಳು ಮಾಡಿಕೊಂಡವರನ್ನು ಅವಳು ದಿನಾ ಅಂಗಡಿಯಲ್ಲಿ ನೋಡುತ್ತಿದ್ದಳು. ಅವರ ಮೇಲೆ ಅವಳಿಗೆ ಹೊಟ್ಟೆಕಿಚ್ಚು.

ತಂಗಿ ಅವಳಿಗಿಂತ ಏಳು ವರ್ಷ ಚಿಕ್ಕವಳು, ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಊರಿನ ಇನ್ನೊಂದು ತುದಿಯಲ್ಲಿ ಮನೆ. ಗಂಡ ಕನ್ನಡಕದ ಅಂಗಡಿ ಇಟ್ಟಿದ್ದವನು. ತಂಗಿ ಭಾನುವಾರ ಭಾನುವಾರ ಹಣ್ಣು ಹಿಡಿದುಕೊಂಡು ಬಂದು, ಅರ್ಧ ಗಂಟೆ ಕೂತು, ಅಮ್ಮನ ಹಣೆ ಮುಟ್ಟಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ, ಅಕ್ಕ ಒಂದು ಬೈಗುಳದಲ್ಲಿ ಮುಗಿಸಿಬಿಡುತ್ತಿದ್ದಳು.

ಅಮ್ಮನನ್ನು ಕಳಿಸಿಕೊಟ್ಟು ಬಂದ ಸಂಜೆ, ನೆಂಟರಿಷ್ಟರೆಲ್ಲ ನೆರೆದಿದ್ದ ಮನೆಯಲ್ಲಿ, ತಂಗಿ ಅಕ್ಕನ ಕೊರಳು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ಅಕ್ಕಾ, ಇನ್ನಾದ್ರೂ ನೀನು ನಿನಗೋಸ್ಕರ ಬದುಕ್ಬೇಕು. ನಾವಿಬ್ರೂ ಆ ದೊಡ್ಡ ಬೆಟ್ಟದ ಸಾಲು ನಡ್ಕೊಂಡು ಹೋಗಿ ಬರೋಣ. ಹದಿನಾಲ್ಕು ದಿನ. ಬರೀ ನಾವಿಬ್ರೇ. ನಾನು ಮಾತು ಕೊಡ್ತಿದೀನಿ."

ಕೇಳಿದವರೆಲ್ಲ ಮೂಗು ಒರೆಸಿಕೊಂಡರು. ಚಿಕ್ಕಮ್ಮನಂತೂ, "ಹೀಗಿರ್ಬೇಕಮ್ಮ ಅಕ್ಕತಂಗೇರು ಅಂದ್ರೆ" ಎಂದು ಸುತ್ತ ಇದ್ದವರಿಗೆಲ್ಲ ಹೇಳಿದಳು. ಅವತ್ತಿನಿಂದ ಆ ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, ಯಾವಾಗ ಹೊರಡ್ತೀರಿ ಅಂತಲೇ. ಹತ್ತು ಜನರ ಮುಂದೆ ಕೊಟ್ಟ ಮಾತಿಗೆ ಈ ಒಂದು ಅನಾನುಕೂಲ ಇದ್ದೇ ಇರುತ್ತದೆ.

ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬದುಕಿನಲ್ಲಿ ಅವಳು ಬೇಕು ಎಂದು ಬಾಯಿಬಿಟ್ಟು ಹೇಳಿದ ಸಂಗತಿಗಳು ತೀರಾ ಕಡಿಮೆ. ಇದೊಂದು ಅವಳಿಗೆ ಬೇಕಾಗಿತ್ತು. ಮೂಳೆ ಡಾಕ್ಟರ ಹತ್ತಿರ ಹೋಗಿ ಮಂಡಿ ತೋರಿಸಿದಳು. ಡಾಕ್ಟರು ಅದುಮಿ, ತಿರುಗಿಸಿ, ಫೋಟೋ ತೆಗೆಸಿ ಹೇಳಿದರು:

"ನಡೀಬಹುದು. ಆದ್ರೆ ಬೆನ್ನ ಮೇಲೆ ಏಳು ಕೆಜಿ, ಅಷ್ಟೇ. ಅದರ ಮೇಲೆ ಹೊತ್ರೆ, ಬರುವಾಗ ಬೇರೆಯವರು ನಿಮ್ಮನ್ನ ಹೊತ್ಕೊಂಡು ಬರ್ಬೇಕಾಗುತ್ತೆ."

ಏಳು ಕೆಜಿ. ಅಕ್ಕ ಅಂಗಡಿಯ ತಕ್ಕಡಿಯ ಮೇಲೆ ತನ್ನ ಒಂದೊಂದು ವಸ್ತುವನ್ನೂ ಇಟ್ಟು ನೋಡಿದಳು. ಅವಳಿಗೆ ಸಹಾಯಕ್ಕೆ ನಿಂತವನು ಮಾರಾಟ ವಿಭಾಗದ ಗ್ರಾಂ ಪಂಡಿತ. ಹೆಸರು ಬೇರೆ ಇತ್ತು. ಆದರೆ ಗಿರಾಕಿಗಳಿಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿಕೊಳ್ಳಿ, ಎಂಟು ಗ್ರಾಂ ಉಳಿಯುತ್ತೆ ಎಂದು ಉಪದೇಶ ಮಾಡುವ ನಲವತ್ತರ ಈ ಮನುಷ್ಯನಿಗೆ ಅದೇ ಹೆಸರು ನಿಂತುಬಿಟ್ಟಿತ್ತು. ಇಬ್ಬರೂ ಸೇರಿ ಅಳೆದು ತೂಗಿ, ಮಲಗುವ ಚೀಲ, ಚಾಪೆ, ಬಟ್ಟೆ, ನೀರು, ಊಟದ ಸಾಮಾನು ಎಲ್ಲ ಸೇರಿಸಿ ಆರು ಕೆಜಿ ಇನ್ನೂರು ಗ್ರಾಮಿಗೆ ತಂದು ನಿಲ್ಲಿಸಿದರು. ಉಳಿದದ್ದು ಎಂಟುನೂರು ಗ್ರಾಂ. ಅದು ಟೆಂಟಿನ ಅರ್ಧ ಭಾಗಕ್ಕೆ. ಅರ್ಧ ಅಕ್ಕ ಹೊರಬೇಕು, ಅರ್ಧ ತಂಗಿ.

"ನಂಗೂ ಬೆನ್ನು ಅಷ್ಟಕ್ಕಷ್ಟೇ ಅಕ್ಕ. ಪೂರ್ತಿ ಟೆಂಟ್ ಹೊರೋಕೆ ನನ್ ಕೈಲಿ ಆಗಲ್ಲ. ಅರ್ಧ ಅರ್ಧ" ಎಂದು ತಂಗಿ ಮೊದಲೇ ಹೇಳಿದ್ದಳು. ನ್ಯಾಯವಾದ ಮಾತು ಎಂದು ಅಕ್ಕನೂ ಒಪ್ಪಿದ್ದಳು. ಹನ್ನೊಂದು ವರ್ಷ ಅಮ್ಮನ ಭಾರ ಅರ್ಧ ಅರ್ಧ ಆಗಿರಲಿಲ್ಲ ಎಂಬುದು ಆಗ ಅವಳ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ.

ಹೀಗೆ ಟೆಂಟು ಹುಡುಕುವ ಕೆಲಸ ಶುರುವಾಯಿತು. ಒಂದು ಕೆಜಿ ಆರುನೂರಕ್ಕಿಂತ ಕಡಿಮೆ ತೂಗುವ, ಇಬ್ಬರಿಗೆ ಆಗುವ ಟೆಂಟು. ಮೊದಲನೆಯದನ್ನು ತೋರಿಸಿದಾಗ ತಂಗಿ, "ಕಾಲ ಹತ್ರ ತುಂಬಾ ಇಕ್ಕಟ್ಟು" ಎಂದಳು. ಸರಿ, ಇಕ್ಕಟ್ಟೇ. ಎರಡನೆಯದಕ್ಕೆ, "ಒಂದೇ ಬಾಗ್ಲು ಅಕ್ಕ, ನಡುರಾತ್ರಿ ಏಳ್ಬೇಕಾದ್ರೆ ನಿನ್ನ ತುಳ್ಕೊಂಡು ಹೋಗ್ಲಾ?" ಎಂದಳು. ಅದೂ ಒಪ್ಪಬೇಕಾದದ್ದೇ. ಮೂರನೆಯದರ ಬಣ್ಣ ಹಳದಿ, ಹುಳ ಬರುತ್ತದಂತೆ. ನಾಲ್ಕನೆಯದರೊಳಗೆ ಕೂತರೆ ತಲೆ ತಾಗುತ್ತದಂತೆ. ತಂಗಿಯೇನು ಆರಡಿ ಆಳಲ್ಲ, ಕೂದಲು ಮೇಲೆತ್ತಿ ಕಟ್ಟಿದ್ದಳು, ಅಷ್ಟೇ. ಪ್ರತಿ ಸಲವೂ ಕೊಂಕು ತೆಗೆದು ಮುಗಿದ ಮೇಲೆ ಅವಳು ಹೋಗಿ ನಿಲ್ಲುತ್ತಿದ್ದದ್ದು ಅಂಗಡಿಯ ನಡುವಿನಲ್ಲಿದ್ದ ದೊಡ್ಡ ನೀಲಿ ಟೆಂಟಿನ ಮುಂದೆ. ಎರಡು ಪದರ, ಎರಡು ಬಾಗಿಲು, ಒಳಗೆ ಇಸ್ಪೀಟು ಆಡುವಷ್ಟು ಜಾಗ. ತೂಕ ಎರಡು ಕೆಜಿ ಒಂಬೈನೂರು.

"ಇದು ನೋಡು ಎಷ್ಟು ಆರಾಮಾಗಿದೆ. ಒಂದು ಕೆಜಿ ಆಚೆ ಈಚೆ ಆದ್ರೆ ಏನಾಗುತ್ತೆ?"

"ನನ್ ಮಂಡಿ ಆಗುತ್ತೆ ಕಣೇ" ಎಂದು ಅಕ್ಕ ನಗುತ್ತಿದ್ದಳು.

ತಂಗಿ ನಗುತ್ತಿರಲಿಲ್ಲ. "ನಿಂಗೆ ಕಷ್ಟ ಆಗುತ್ತೆ ಅಂದ್ರೆ ಬೇಡ ಅಕ್ಕ. ಬಲವಂತ ಇಲ್ಲ" ಎನ್ನುತ್ತಿದ್ದಳು. ಎಷ್ಟು ಕಾಳಜಿ ನೋಡಿ ಇವಳಿಗೆ ಎಂದು ಅಕ್ಕನ ಎದೆ ತುಂಬಿ ಬರುತ್ತಿತ್ತು. ಚಿಕ್ಕಂದಿನಿಂದಲೂ ತಂಗಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ, ಚಪ್ಪಲಿ ಕೊಳ್ಳಲು ಹೋದರೆ ನಾಲ್ಕು ಅಂಗಡಿ ಹತ್ತಿಳಿಸುತ್ತಿದ್ದಳು. ಇದೂ ಅದೇ ಎಂದುಕೊಂಡಳು. ಟೆಂಟಿನ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕಿಗೆ ಹಿಡಿದು ಪತ್ತೆ ಮಾಡುವ ಕಣ್ಣು ಮನೆಯವರ ವಿಷಯದಲ್ಲಿ ಅಷ್ಟು ಮಂಕು.

ಮೂರು ತಿಂಗಳು ಹುಡುಕಿದ ಮೇಲೆ ಅಕ್ಕನಿಗೆ ಒಂದು ಸಿಕ್ಕಿತು. ಯಾರೋ ಇಬ್ಬರೇ ಕೂತು ಸಣ್ಣ ಕಾರ್ಖಾನೆಯಲ್ಲಿ ಹೊಲಿದ ಟೆಂಟು. ಬೂದು ಬಣ್ಣ, ಎರಡು ಬಾಗಿಲು, ಒಳಗೆ ನೂರಮೂವತ್ತು ಸೆಂಟಿಮೀಟರ್ ಅಗಲ, ಕೂತರೆ ತಲೆ ತಾಗದು. ಸ್ವಂತ ಕಂಬಿಗಳಿಲ್ಲ, ನಡೆಯುವವರ ಊರುಗೋಲುಗಳನ್ನೇ ನಿಲ್ಲಿಸಿ ಕಟ್ಟಬೇಕು. ಗೂಟ, ಹಗ್ಗ, ಚೀಲ ಎಲ್ಲ ಸೇರಿ ಒಂಬೈನೂರೈವತ್ತು ಗ್ರಾಂ. ಒಂದೇ ತೊಂದರೆ: ಇಂಥ ನುಣುಪು ಬಟ್ಟೆಗೆ ಕಾರ್ಖಾನೆಯಲ್ಲಿ ಪಟ್ಟಿ ಅಂಟಿಸಲು ಬರುವುದಿಲ್ಲ. ಹೊಲಿಗೆಯ ಉದ್ದಕ್ಕೂ ಸಿಲಿಕೋನ್ ಅಂಟನ್ನು ಕೊಂಡವರೇ ಬ್ರಷ್ಷಿನಲ್ಲಿ ಬಳಿದುಕೊಳ್ಳಬೇಕು, ಇಲ್ಲದಿದ್ದರೆ ಸೂಜಿಯ ತೂತುಗಳಲ್ಲಿ ನೀರು ಇಳಿಯುತ್ತದೆ. ಗಿರಾಕಿಗಳು ಹೆದರಿ ಹಿಂದೆ ಸರಿಯುವುದು ಇಲ್ಲೇ. ಅಕ್ಕನಿಗೆ ಅದು ದಿನನಿತ್ಯದ ಕೆಲಸ.

"ಇದಕ್ಕೂ ಬೇಡ ಅಂದ್ರೆ ನಿಮ್ ತಂಗಿ ಗುಡಾರದಲ್ಲಲ್ಲ, ಹೋಟೆಲ್‌ನಲ್ಲಿ ಮಲಗ್ಬೇಕು" ಎಂದ ಗ್ರಾಂ ಪಂಡಿತ.

ತಂಗಿ ಶನಿವಾರ ಮಧ್ಯಾಹ್ನ ಬಂದಳು, ಜೊತೆಗೆ ಗಂಡ. ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು: ಟೆಂಟು ಕೊಳ್ಳುವವರು ಮರದ ಜಗಲಿಯ ಮೇಲೆ ಅದನ್ನು ಕಟ್ಟಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಮಲಗಿ ನೋಡಬೇಕು. ಆ ಜಗಲಿ ಇದ್ದದ್ದು ಪರದೆಗೆ ಅಂಟಿಕೊಂಡೇ. ಒಳಗೆ ಹೋದವರಿಗೆ ನಾಲ್ಕು ಕಡೆ ಬಟ್ಟೆ ಬಂದ ತಕ್ಷಣ ನಾಲ್ಕು ಕಡೆ ಗೋಡೆ ಬಂದಂತೆ ಅನ್ನಿಸಿಬಿಡುತ್ತದೆ. ಅಕ್ಕ ಮೇಜಿನ ಹತ್ತಿರ ಕೂತು ಎಷ್ಟೋ ಗೊರಕೆಯ ಜಗಳ ಕೇಳಿದ್ದಳು, ಎರಡು ಮದುವೆಯ ಪ್ರಸ್ತಾಪ, ಅತ್ತೆಯ ಬಗ್ಗೆ ಬರೆಯಲಾಗದಂಥ ಮಾತುಗಳು. ಕೇಳಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವುದು ಅವಳ ಅಭ್ಯಾಸ.

ತಂಗಿ ಬೂದು ಟೆಂಟಿನ ಸುತ್ತ ಎರಡು ಸುತ್ತು ಬಂದಳು. ಬಾಯಿ ತೆರೆದಳು, ಮುಚ್ಚಿದಳು. ಹುಳುಕು ಸಿಗಲಿಲ್ಲ.

"ಬಾರೆ, ಇಬ್ರೂ ಮಲಗಿ ನೋಡೋಣ" ಎಂದಳು ಅಕ್ಕ. ಅಷ್ಟರಲ್ಲಿ ನೆನಪಾಯಿತು. "ತಡಿ, ಮಹಡಿ ಮೇಲೆ ಸ್ಟೋರಿನಲ್ಲಿ ಸಿಲಿಕೋನ್ ಅಂಟಿನ ಡಬ್ಬಿ ಒಂದೇ ಉಳಿದಿದೆ, ಯಾರಾದ್ರೂ ಎತ್ಕೊಂಡು ಹೋದಾರು. ತಂದ್ಬಿಡ್ತೀನಿ. ಅಲ್ಲೀತನಕ ನಿನ್ ಜೊತೆ ನಿಮ್ಮೆಜಮಾನ್ರು ಮಲಗಿ ನೋಡ್ಲಿ."

ಡಬ್ಬಿ ಹುಡುಕಲು ಹೊತ್ತು ಬೇಕಾಗಲಿಲ್ಲ. ಹಿಂದಿನ ಮೆಟ್ಟಿಲಿಳಿದು ತನ್ನ ಮೇಜಿನ ಹತ್ತಿರ ಬಂದಾಗ ಪರದೆಯ ಆಚೆ ಟೆಂಟಿನೊಳಗಿಂದ ತಂಗಿಯ ದನಿ ಕೇಳಿತು. ಅತ್ತು ಮೂಗು ಕಟ್ಟಿದ ದನಿ.

"ಈಗೇನು ಮಾಡ್ಲಿ ಹೇಳಿ. ಇದಕ್ಕೆ ಏನಂತ ಬೇಡ ಅನ್ಲಿ?"

"ನೇರವಾಗಿ ಹೇಳ್ಬಿಡು" ಎಂದ ಗಂಡ.

"ಹೇಗೆ ಹೇಳ್ಲಿ? ಎಲ್ರ ಮುಂದೆ ಮಾತು ಕೊಟ್ಟಿದೀನಿ. ಅವಳೇ ಬೇಡ ಅನ್ಬೇಕು. ಭಾರದ ಟೆಂಟ್ ಆಗಿದ್ರೆ ಅವಳೇ ಮಂಡಿ ನೋವು ಅಂತ ಹಿಂದೆ ಸರೀತಿದ್ಳು. ಇನ್ನೂ ಹಗುರ, ಇನ್ನೂ ಹಗುರ ಅಂತ ಹುಡುಕಿ ಹುಡುಕಿ ತರ್ತಾಳೆ."

"ಹದಿನಾಲ್ಕು ದಿನ ತಾನೇ."

"ಹದಿನಾಲ್ಕು ರಾತ್ರಿ! ಇಷ್ಟು ಜಾಗದಲ್ಲಿ! ನಿಮಗೆ ಗೊತ್ತಿಲ್ಲ. ಅವಳ ಹತ್ರ ಅಮ್ಮನ ವಾಸನೆ ಬರುತ್ತೆ. ಆ ಕೋಣೆ ವಾಸನೆ. ಮುಲಾಮು, ಪೌಡರು, ಆ... ಅದು ಅವಳ ಮೈಗೆ ಹತ್ಕೊಂಡ್ಬಿಟ್ಟಿದೆ. ಅವಳು ಹತ್ರ ಬಂದ್ರೆ ಸಾಕು, ನಾನು ಮಾಡದೇ ಇದ್ದಿದ್ದೆಲ್ಲ ಎದ್ದು ಬಂದು ಕೂತ್ಕೊಳ್ಳುತ್ತೆ. ನನ್ ಕೈಲಿ ಆಗಲ್ಲ ರೀ."

ಅಕ್ಕ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಅಂಥದ್ದೇನೂ ಆಗಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು. ಮೂರು ತಿಂಗಳ ಇಕ್ಕಟ್ಟು, ಹಳದಿ, ಒಂದೇ ಬಾಗಿಲು ಎಲ್ಲ ಒಂದರ ಹಿಂದೊಂದು ಬಂದು ಅರ್ಥ ಹೇಳಿಕೊಂಡು ಹೋದವು. ಅವಳು ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಮತ್ತೆ ಚಪ್ಪಲಿ ಟಪಟಪ ಬಡಿಯುತ್ತಾ ಇಳಿದು ಬಂದಳು. ಕೇಳಿಸಿಕೊಂಡವಳಿಗೇ ಇಷ್ಟು ನಾಚಿಕೆ ಯಾಕಾಗಬೇಕೋ ದೇವರೇ ಬಲ್ಲ.

ತಂಗಿ ಹೊರಗೆ ಬಂದಳು. ಕಣ್ಣು ಕೆಂಪು, ಮುಖದಲ್ಲಿ ನಗು. "ಚೆನ್ನಾಗಿದೆ ಅಕ್ಕ. ಆದ್ರೆ ನಿನ್ ಮಂಡಿ... ಬಗ್ಗಿ ಒಳಗೆ ಹೋಗೋದು ಕಷ್ಟ ಆಗಲ್ವಾ?"

ಅಲ್ಲೇ ಆ ಕ್ಷಣವೇ ಅಕ್ಕ ಹೌದು ಕಣೇ ಕಷ್ಟ ಅಂದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ತಂಗಿ ಅಯ್ಯೋ ಪಾಪ ಅನ್ನುವಳು, ಚಿಕ್ಕಮ್ಮ ಅಯ್ಯೋ ಪಾಪ ಅನ್ನುವಳು. ಹನ್ನೊಂದು ವರ್ಷ ಅಕ್ಕ ಎಲ್ಲರಿಗೂ ಇಂಥ ಸಲೀಸು ಮಾಡಿಕೊಟ್ಟೇ ಬಂದಿದ್ದಳು. ಈ ಸಲ ಅವಳ ನಾಲಿಗೆ ತಿರುಗಲಿಲ್ಲ.

"ಏನೂ ಕಷ್ಟ ಇಲ್ಲ. ಇದೇ ಇರ್ಲಿ" ಎಂದಳು. "ನಾನು ಅಂಟು ಬಳಿದು ಇಟ್ಟಿರ್ತೀನಿ."

ಅಂದು ಮನೆಗೆ ಬಂದವಳು ತನ್ನ ದಿಂಬು ಮೂಸಿದಳು. ಸೆರಗು ಮೂಸಿದಳು, ಕೂದಲನ್ನು ಮುಂದಕ್ಕೆ ಎಳೆದುಕೊಂಡು ಮೂಸಿದಳು, ಬೀರುವಿನೊಳಗೆ ತಲೆ ಹಾಕಿ ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಮೂಸಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ಅದರೊಳಗೇ ಇದ್ದ ಮೂಗಿಗೆ ಗೊತ್ತಾಗುವುದಾದರೂ ಹೇಗೆ? ಅಮ್ಮನ ಕೋಣೆಯನ್ನು ಅವಳು ಅಮ್ಮ ಹೋದ ವಾರವೇ ತೊಳೆದು, ಸುಣ್ಣ ಹೊಡೆಸಿ, ಹಾಸಿಗೆ ಬಿಸಾಡಿದ್ದಳು. ಮತ್ತೆ ಆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಿಂತು ಮೂಸಿದಳು. ಸುಣ್ಣದ ವಾಸನೆ ಬಂತು. ಅಲ್ಲೇ ಗೋಡೆಗೆ ಒರಗಿ ಅತ್ತಳು.

ಮಾರನೆಯ ದಿನ ಅಂಗಡಿಯಲ್ಲಿ ಗ್ರಾಂ ಪಂಡಿತನನ್ನು ಪರದೆಯ ಈಚೆಗೆ ಕರೆದು ಕೇಳಿದಳು. "ಒಂದು ಮಾತು. ಮುಚ್ಚುಮರೆ ಮಾಡ್ಬಾರ್ದು. ನನ್ ಹತ್ರ ಏನಾದ್ರೂ ವಾಸನೆ ಬರುತ್ತಾ?"

ಪಂಡಿತ ತಕ್ಕಡಿಯ ಮುಂದೆ ನಿಲ್ಲುವಷ್ಟೇ ಗಂಭೀರವಾಗಿ ನಿಂತು ಮೂಗರಳಿಸಿದ. "ಬರುತ್ತೆ ಅಕ್ಕ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಸಿಲಿಕೋನ್ ಅಂಟಿನ ವಾಸನೆ. ನಂಗೂ ಬರುತ್ತೆ, ಮನೇಲಿ ಹೆಂಡ್ತಿ ದಿನಾ ಬಯ್ತಾಳೆ. ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ, ಸುಮ್ನೆ ಕೇಳ್ದೆ" ಎಂದಳು.

ಅಂಟು ಬಳಿಯುವ ಕೆಲಸ ಎರಡು ದಿನದ್ದು. ಡಬ್ಬಿಯ ಅಂಟಿಗೆ ತೆಳುಕಾರಕ ಸೇರಿಸಿ ಪಾಯಸದಷ್ಟು ತೆಳ್ಳಗೆ ಕಲಸಬೇಕು. ಹೊಲಿಗೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಬೆರಳಗಲದ ಬ್ರಷ್ಷಿನಲ್ಲಿ ದಾರದ ಮೇಲೆ ಒಂದೊಂದೇ ಗೇಣು ಬಳಿಯುತ್ತಾ ಹೋಗಬೇಕು. ಒಂದು ಟೆಂಟಿಗೆ ಹದಿನೆಂಟು ಮೀಟರ್ ಹೊಲಿಗೆ. ಟೆಂಟಿನ ನೆತ್ತಿಯಿಂದ ಬಲಗಡೆಗೆ ಇಳಿಯುವ ಹೊಲಿಗೆಗೆ ಬಂದಾಗ ಅಕ್ಕನ ಕೈ ನಿಂತಿತು. ತಂಗಿ ತನಗೆ ಬಲಗಡೆಯೇ ಬೇಕು ಎಂದಿದ್ದಳು. ಒಂದೇ ಒಂದು ಗೇಣು ಬಿಟ್ಟರೆ ಸಾಕು, ಮಳೆ ಹನಿ ಹನಿಯಾಗಿ ನೇರ ಅವಳ ಮುಖದ ಮೇಲೆ ಇಳಿಯುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ತೆಳ್ಳಗಿನ ಬಟ್ಟೆ, ಹಾಗೇ ಆಗುತ್ತದೆ ಎಂದುಕೊಳ್ಳುತ್ತಾರೆ.

ಅವಳು ಬಿಡಬೇಕೆಂದೇ ಇದ್ದಳು, ಅದನ್ನು ಮುಚ್ಚಿಡುವುದೇನೂ ಬೇಡ. ಆದರೆ ಹದಿನಾರು ವರ್ಷ ಸೋರುವುದನ್ನು ನಿಲ್ಲಿಸಿದ ಕೈ ಸೋರಲು ಬಿಡಲಾರದೆ ಹೋಯಿತು. ಒಂದು ಸಲ ಬಳಿದಳು. ಒಣಗಿದ ಮೇಲೆ ಸಿಟ್ಟು ಬಂದು ಅದೇ ಜಾಗಕ್ಕೆ ಇನ್ನೊಂದು ಸಲ ಬಳಿದಳು.

ಅಂಟು ಬಳಿದ ಟೆಂಟನ್ನು ನೀರು ಹಾಕಿ ನೋಡದೆ ಕೊಡುವ ಹಾಗಿಲ್ಲ. ಅಂಗಡಿಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ತಂಗಿಯ ಮನೆಯ ಹಿತ್ತಲಿನಲ್ಲಿ ಕಟ್ಟುವುದೆಂದಾಯಿತು. ಇಬ್ಬರೂ ಒಳಗೆ ಮಲಗುವುದು, ತಂಗಿಯ ಗಂಡ ಹೊರಗಿನಿಂದ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಕಾಲು ಗಂಟೆ ನೀರು ಹೊಡೆಯುವುದು.

ನನಗೇನಾಗಬೇಕು, ಬಂದ ವಾಸನೆ ಬರಲಿ ಎಂದು ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದ ಅಕ್ಕ ಅಂದು ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದಳು. ಹೊಸ ಸೋಪು ಒಡೆದಳು. ಮೊಣಕೈ, ಕತ್ತಿನ ಹಿಂದೆ, ಕಿವಿಯ ಸಂದಿ ಎಲ್ಲ ಉರಿಯುವ ತನಕ ತಿಕ್ಕಿದಳು. ಹಿಂದಿನ ದಿನ ಕೊಂಡು, ಬೀರುವಿನೊಳಗೆ ಇಡದೆ ಅಂಗಡಿಯಲ್ಲೇ ಬಿಟ್ಟು ಬಂದಿದ್ದ ಹೊಸ ಬಟ್ಟೆಯನ್ನು ಹೋಗಿ ಹಾಕಿಕೊಂಡು ಅಲ್ಲಿಂದಲೇ ತಂಗಿಯ ಮನೆಗೆ ಹೋದಳು. ಅವಳ ಆ ಅವಸ್ಥೆ ನೋಡಿದ್ದರೆ ಅಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಎರಡೆರಡು ಬಿಡುತ್ತಿದ್ದಳು.

ಟೆಂಟು ಎದ್ದು ನಿಂತಿತು. ಅಕ್ಕನ ಕೈಗೆ ಅದು ಕಾಲು ಗಂಟೆಯ ಕೆಲಸವೂ ಅಲ್ಲ. ಇಬ್ಬರೂ ಆಚೆ ಈಚೆಯ ಬಾಗಿಲಿನಿಂದ ಒಳಗೆ ತೂರಿ, ಚಾಪೆ ಹಾಸಿಕೊಂಡು ಮಲಗಿದರು. ಜಿಪ್ಪು ಎಳೆದುಕೊಂಡರು. ಹೊರಗಿನಿಂದ ತಂಗಿಯ ಗಂಡ, "ಶುರು ಮಾಡ್ಲಾ ಅಕ್ಕಾ?" ಎಂದು ಕೂಗಿ ನೀರು ಬಿಟ್ಟ.

ತಲೆಯ ಮೇಲೆ ಒಂದು ಗೇಣು ದೂರದಲ್ಲಿ ನೀರು ಬಡಿಯತೊಡಗಿತು. ಬಟ್ಟೆ ನಡುಗಿತು, ಬೂದು ಬೆಳಕು ಅಲುಗಾಡಿತು, ನೀರು ಇಳಿಜಾರಿನಲ್ಲಿ ಸಣ್ಣ ಸಣ್ಣ ಕವಲಾಗಿ ಹರಿದು ಹೋಗುವುದು ಒಳಗಿನಿಂದಲೇ ಕಂಡಿತು. ಒಂದು ಹನಿ ಕೂಡ ಒಳಗೆ ಬರಲಿಲ್ಲ. ಅಕ್ಕ ಎಲ್ಲ ಮರೆತಳು. ನಿಜವಾಗಿ ಮರೆತಳು. ಐವತ್ತೊಂದು ವರ್ಷದ ಹೆಂಗಸು ಅಂಗಾತ ಮಲಗಿ, ಮೊದಲ ಸಲ ತನ್ನ ಮೇಲೆ ಬೀಳುತ್ತಿರುವ, ತನಗೆ ತಾಗದ ಮಳೆಯನ್ನು ನೋಡುತ್ತಾ ಸಂತೋಷಪಟ್ಟಳು. ಹದಿನಾಲ್ಕು ದಿನ ಹೀಗೆ ಇರಬಹುದಲ್ಲ ಎನ್ನಿಸಿತು. ಇಬ್ಬರೂ ಸರಿಹೋಗಬಹುದು, ಎರಡು ದಿನ ನಡೆದರೆ ಬೆಟ್ಟದ ಗಾಳಿಗೆ ಯಾವ ವಾಸನೆ ತಾನೇ ಉಳಿದೀತು ಎನ್ನಿಸಿತು.

"ಎಷ್ಟು ಚೆನ್ನಾಗಿದೆ ಅಲ್ವೇನೇ" ಎನ್ನುತ್ತಾ ತಂಗಿಯ ಕಡೆಗೆ ಮಗ್ಗುಲು ತಿರುಗಿದಳು.

ತಂಗಿ ಬಾಯಿಂದ ಉಸಿರಾಡುತ್ತಿದ್ದಳು. ತುಟಿ ತೆರೆದು, ಮೂಗನ್ನು ಬಟ್ಟೆಯ ಗೋಡೆಗೆ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅಕ್ಕ ತಿರುಗಿದ್ದು ತಿಳಿದದ್ದೇ ತಡ ಅವಳು ಧಡಕ್ಕನೆ ಎದ್ದು ಕೂತು ಜಿಪ್ಪಿಗೆ ಕೈ ಹಾಕಿ ಸರ್ರನೆ ಮೇಲಕ್ಕೆ ಎಳೆದಳು. ಪೈಪಿನ ನೀರು ಆ ಬಾಗಿಲಿನಿಂದ ಇಬ್ಬರ ಮೇಲೂ ರಾಚಿತು. ಚಾಪೆ, ಬಟ್ಟೆ, ತಲೆ ಎಲ್ಲ ತೊಯ್ದವು. ತಂಗಿ ನೀರಿಗೆ ಮುಖ ಒಡ್ಡಿಕೊಂಡೇ ಗಾಳಿ ಎಳೆದುಕೊಂಡಳು.

"ಏನಾಯ್ತೇ?"

"ಉಸಿರು ಕಟ್ದ ಹಾಗಾಯ್ತು ಅಕ್ಕ. ಸೆಕೆ." ಅವಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು.

ಹೊರಗಿದ್ದವನು ಗಾಬರಿಯಾಗಿ ಪೈಪನ್ನು ಬೇರೆ ಕಡೆ ತಿರುಗಿಸಿದ. "ಸೋರ್ತಿದ್ಯಾ?" ಎಂದು ಕೇಳಿದ.

ಅಕ್ಕ ಎದ್ದು ಕೂತಳು. ಹೊಸ ಬಟ್ಟೆ ಮೈಗೆ ಅಂಟಿತ್ತು. ಕೂದಲಿನಿಂದ ಸೋಪಿನ ಪರಿಮಳದ ನೀರು ಇಳಿದು ಕಣ್ಣಿಗೆ ಹೋಗಿ ಉರಿಯುತ್ತಿತ್ತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ವಾರವಿಡೀ ಬಂದು ಬಂದು ತೀರಿಹೋಗಿತ್ತೋ ಏನೋ. ತನ್ನ ಮೇಲೆ ತನಗೇ ಕನಿಕರ ಬಂತು, ಅದು ಅವಳಿಗೆ ಸಹಿಸಲಾಗಲಿಲ್ಲ.

"ನಾನು ಬರಲ್ಲ ಕಣೇ" ಎಂದಳು.

ತಂಗಿಯ ಮುಖ ನೋಡಬಾರದಾಗಿತ್ತು, ನೋಡಿದಳು. ನೀರು ಸುರಿಯುತ್ತಿದ್ದ ಆ ಮುಖದಲ್ಲಿ ಒಂದು ಕ್ಷಣ ಪರೀಕ್ಷೆ ರದ್ದಾಯಿತೆಂದು ಕೇಳಿದ ಹುಡುಗಿಯ ಹಾಗೆ ಎಲ್ಲವೂ ಸಡಿಲವಾಯಿತು. ಮರುಕ್ಷಣ ಹುಬ್ಬು ಗಂಟಿಕ್ಕಿ, "ಅಯ್ಯೋ ಅಕ್ಕಾ! ಯಾಕೆ? ಮಂಡಿ ನೋವಾ? ಒಳಗೆ ಬಗ್ಗುವಾಗ್ಲೇ ನೋಡ್ದೆ ನಾನು, ನಿಂಗೆ ಕಷ್ಟ ಆಯ್ತು ಅಂತ" ಎಂದಳು.

"ಮಂಡಿಗೇನೂ ಆಗಿಲ್ಲ. ಚೆನ್ನಾಗಿದೆ."

"ಇಲ್ಲ ಇಲ್ಲ, ನಂಗೆ ಗೊತ್ತಿಲ್ವಾ? ಪಾಪ, ನೀನು ಹೇಳ್ಕೊಳ್ಳಲ್ಲ. ಚಿಕ್ಕಮ್ಮನಿಗೆ ನಾನೇ ಹೇಳ್ತೀನಿ ಬಿಡು, ಡಾಕ್ಟ್ರೇ ಬೇಡ ಅಂದ್ರು ಅಂತ. ಎಲ್ರಿಗೂ ಅರ್ಥ ಆಗುತ್ತೆ."

"ಮಂಡಿ ಅನ್ಬೇಡ." ಅಕ್ಕ ಸೆರಗು ಹಿಂಡಿ ಮುಖ ಒರೆಸಿಕೊಂಡಳು. ಆ ದನಿ ತಂಗಿ ಎಂದೂ ಕೇಳದ ದನಿಯಾಗಿತ್ತು. "ಈ ಮಂಡಿ ಅಮ್ಮನ್ನ ಎತ್ತಿದ ಮಂಡಿ. ನಿಂಗೆ ನೆಪ ಆಗೋಕೆ ಕೊಡಲ್ಲ."

"ಮತ್ತೆ... ಎಲ್ರೂ ಕೇಳ್ತಾರೆ ಅಕ್ಕ. ನಾನೇನಂತ ಹೇಳ್ಲಿ?"

ಅಕ್ಕ ತನ್ನ ಕಡೆಯ ಬಾಗಿಲಿನ ಜಿಪ್ಪು ತೆಗೆದು, ಕೈಯೂರಿ, ಮೊದಲು ಬಲಗಾಲು ಹೊರಗಿಟ್ಟು ಎದ್ದು ನಿಂತಳು. ಆಮೇಲೆ ಬಗ್ಗಿ ಒಳಗೆ ನೋಡಿ ಹೇಳಿದಳು:

"ಅವತ್ತು ಅಂಗಡೀಲಿ ಇದರೊಳಗೆ ಮಲಗಿ ನಿನ್ ಗಂಡನಿಗೆ ಏನು ಹೇಳ್ದ್ಯೋ, ಅದನ್ನೇ ಹೇಳು."